ನಿಧಾನ ನಡೆಯುವವರು ಮುಂದೆ

ಹಾವೇರಿಯ ಬಟ್ಟೆ ವ್ಯಾಪಾರಿ ಬಸವಂತ, ರಜೆಗೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಕಡಲ ತೀರದ ರಾಷ್ಟ್ರೀಯ ಉದ್ಯಾನಕ್ಕೆ ಹೊರಟ.

ಟೂರ್ ಅಂದರೆ ಗೊತ್ತಲ್ಲ... ಮನೆಯವರಿಗೆಲ್ಲ ರಜೆ, ಮನೆಯಾಕೆಗೆ ಮಾತ್ರ ಡಬಲ್ ಡ್ಯೂಟಿ.

ಅವನ ಹೆಂಡತಿ ನೀಲಾಂಬಿಕಾ ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ಬಡಿದಿದ್ದಳು. ಶೇಂಗಾ ಚಟ್ನಿ, ಅತ್ತೆಯ ಮಾತ್ರೆ, ಮಕ್ಕಳ ಬಟ್ಟೆ, ಎಲ್ಲರ ನೀರಿನ ಬಾಟಲಿ... ಎಲ್ಲವೂ ಅವಳ ಹೆಗಲ ಬ್ಯಾಗಿನಲ್ಲಿ.

ಗೇಟಿನಲ್ಲಿ ಗಾರ್ಡ್ ತಡೆದು ನಿಲ್ಲಿಸಿದ.

"ಸಂಜೆ ಉಬ್ಬರದ ಹೊತ್ತಿಗೆ ದಾರಿ ಮೇಲೆ ನೀರು ಬರ್ತದೆ. ಯಾರೂ ಹಿಂದೆ ಉಳೀಬಾರ್ದು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಉಂಟು ಮಾರಾಯ್ರೆ... ನಿಧಾನ ನಡೆಯೋರು ಮುಂದೆ. ಉಳಿದೋರು ಅವರ ಹಿಂದೆ. ಅವರನ್ನ ದಾಟಿ ಹೋಗೋ ಹಾಗಿಲ್ಲ."

ಎಲ್ಲರೂ ಬಸವಂತನ ತಾಯಿ ಗುರುಸಿದ್ಧವ್ವನ ಕಡೆ ನೋಡಿದರು. ಎಪ್ಪತ್ತು ದಾಟಿದ ಮುದುಕಿ, ಕೈಯಲ್ಲಿ ಕೋಲು. ಇನ್ನು ಕೇಳುವುದೇನಿದೆ? ಅವಳನ್ನೇ ಮುಂದೆ ಬಿಟ್ಟರು. ಗಾರ್ಡ್ ಕೂಡ ಜೊತೆಗೇ ಹೊರಟ.

ಕೆಸರಿನಲ್ಲಿ ಬೇರು ಊರಿ ನಿಂತ ಕಾಂಡ್ಲಾ ಗಿಡಗಳ ನಡುವೆ ಹಲಗೆಯ ಕಿರುದಾರಿ, ಎರಡೂ ಬದಿಗೆ ಹಿಡಿದುಕೊಳ್ಳಲು ಮರದ ಕಟಾಂಜನ. ಅದರ ತುದಿಗೆ ಕಡಲು. ಅದೃಷ್ಟವಿದ್ದರೆ ನಡುವೆ ನೀರುನಾಯಿ ಕಾಣುತ್ತದಂತೆ.

ನೀಲಾ ಯಾವಾಗಿನಂತೆ ಎಲ್ಲರಿಗಿಂತ ಹಿಂದೆ. ಮಗ ಬೀಳಿಸಿದ ಟೋಪಿ ಎತ್ತಿದಳು. ಮಗಳು ಬೇಡವೆಂದ ಚಪ್ಪಲಿ ಹಿಡಿದುಕೊಂಡಳು. ಕೆಲವು ತಿಂಗಳಿಂದ ನಾಲ್ಕು ಹೆಜ್ಜೆ ಇಟ್ಟರೆ ಎದೆ ಬಡಿದುಕೊಳ್ಳುತ್ತಿತ್ತು, ಕಣ್ಣಿಗೆ ಕತ್ತಲು ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಲಿಕ್ಕೆ ಪುರುಸೊತ್ತು ಎಲ್ಲಿತ್ತು ಪಾಪ...

ಒಂದು ತಿರುವಿನಲ್ಲಿ ಗುರುಸಿದ್ಧವ್ವ ಹಿಂತಿರುಗಿ ನೋಡಿದಳು. ಸೊಸೆ ಬಹಳ ದೂರದಲ್ಲಿ ಕಟಾಂಜನ ಹಿಡಿದು ಕುಳಿತುಬಿಟ್ಟಿದ್ದಳು.

"ಲಗೂ ಬಾ, ಏನ್ ಮಾಡಾಕತ್ತೀ ಅಲ್ಲಿ?" ಬಸವಂತ ಕೂಗಿದ.

"ಬಂದೆ ರೀ..." ಎನ್ನುತ್ತಾ ಅವಳು ಏಳಲು ಹೋದಳು. ಆಗಲಿಲ್ಲ.

ಮುದುಕಿ ಕೋಲೂರುತ್ತಾ ಎಲ್ಲರನ್ನೂ ದಾಟಿ ಹಿಂದಕ್ಕೆ ನಡೆದಳು.

"ಅಜ್ಜಿ, ನೀವು ಮುಂದೆ ಇರ್ಬೇಕು," ಎಂದ ಗಾರ್ಡ್.

"ನಿಧಾನ ನಡಿಯೋರು ಮುಂದ ಅಂದಿ ಹೌದಿಲ್ಲೋ ತಮ್ಮಾ? ಹಂಗಾರ ನಾ ಅಲ್ಲ. ನನ್ನ ಕಾಲು ಇನ್ನೂ ಗಟ್ಟಿ ಅದಾವು. ಇಕಿ ನೋಡು, ಹೆಂಗ ತೇಕಾಕತ್ತಾಳ."

ಸೊಸೆಯ ಹೆಗಲಿನ ಬ್ಯಾಗ್ ತೆಗೆದು ಮಗನ ಕೈಗೆ ಕೊಟ್ಟಳು. ಬಸವಂತನ ತೋಳು ಜಗ್ಗಿಹೋಯಿತು. ಇಷ್ಟು ಭಾರ ಇರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ನೀಲಾ ಮುಂದೆ ನಡೆದಳು. ಉಳಿದವರು ಅವಳ ಹಿಂದೆ... ಸದ್ದಿಲ್ಲದೆ.

ಅಷ್ಟು ನಿಧಾನಕ್ಕೆ, ಅಷ್ಟು ಮೌನಕ್ಕೆ ಧೈರ್ಯ ಬಂತೋ ಏನೋ... ಕೆಸರಿನ ದಂಡೆಗೆ ನೀರುನಾಯಿಯೊಂದು ಮರಿಗಳ ಜೊತೆ ಹತ್ತಿ ಬಂತು. ಮೊದಲು ಕಂಡವಳು ನೀಲಾ.

ಅವಳ ಕಣ್ಣಲ್ಲಿ ನೀರು.

"ಯಾಕ, ಏನಾತು?" ಗಂಡ ಗಾಬರಿಯಾದ.

"ಏನಿಲ್ಲ ರೀ... ಎಲ್ಲಿ ಹೋದ್ರೂ ನಾ ನೋಡಿದ್ದು ನಿಮ್ಮೆಲ್ಲರ ಬೆನ್ನು ಅಷ್ಟ. ಇವತ್ತ ಮೊದಲನೇ ಸಲ ಮುಂದಿಂದು ಕಂಡೆ..." ಆಮೇಲೆ ಮೆಲ್ಲಗೆ ಹೇಳಿದಳು, "ನನಗ ಭಾಳ ದಣಿವಾಗೇತ್ರಿ."

ಬಸವಂತ ಅವಳ ಕೈಯಲ್ಲಿದ್ದ ಮಗಳ ಚಪ್ಪಲಿಯನ್ನೂ ತಾನೇ ತೆಗೆದುಕೊಂಡ.

ಗಾರ್ಡ್ ನೀರಿನ ಮಟ್ಟ ನೋಡಿ, "ಇನ್ನು ಕಡಲವರೆಗೆ ಹೋಗಲಿಕ್ಕೆ ಆಗುದಿಲ್ಲ, ವಾಪಸ್ ಹೋಗುವ," ಎಂದ. ಎಲ್ಲರೂ ನಿಂತಲ್ಲೇ ತಿರುಗಿದರು.

ತಿರುಗಿದ ಕೂಡಲೇ ನೀಲಾ ಮತ್ತೆ ಎಲ್ಲರಿಗಿಂತ ಹಿಂದಾದಳು. ಅವಳಿಗೆ ಅದೇನೂ ಹೊಸದಲ್ಲ... ಸುಮ್ಮನೆ ನಿಂತಳು.

ಆಗ ಬಸವಂತ ಕಟಾಂಜನಕ್ಕೆ ಒತ್ತಿ ನಿಂತು ಜಾಗ ಬಿಟ್ಟ. ಅಪ್ಪನನ್ನು ನೋಡಿ ಮಕ್ಕಳೂ ಒತ್ತಿ ನಿಂತರು. ಕೊನೆಗೆ ಅತ್ತೆಯೂ.

"ನಡಿ ನೀಲಾ," ಎಂದ ಬಸವಂತ. "ನಿನಗ ಹೆಂಗ ಆಗ್ತೈತಿ ಹಂಗ ನಡಿ. ನಾಳೆ ಊರಿಗೆ ಹೋಗಿ ಮೊದಲು ಡಾಕ್ಟರಿಗೆ ತೋರಿಸೂಣು."

ಕಡಲು ನೋಡಲು ಬಂದವರು ಕಡಲು ನೋಡದೆಯೇ ಮರಳಿದರು. ಯಾರೂ ಗೊಣಗಲಿಲ್ಲ.

*

ಮನೆಯಲ್ಲಿ ಎಲ್ಲರಿಗಿಂತ ದಣಿದವರು ತಾವಾಗಿ ಹೇಳುವುದಿಲ್ಲ, ನಾವೇ ತಿರುಗಿ ನೋಡಬೇಕು.

ನಿಮ್ಮ ಮನೆಯಲ್ಲಿ ಎಲ್ಲರ ಹಿಂದೆ ಬರುತ್ತಿರುವವರು ಯಾರು... ಅವರಿಗೆ ದಾರಿ ಬಿಟ್ಟು ಎಷ್ಟು ದಿನವಾಯಿತು?