ಸೇಜ್ ಕೋಳಿಗಳ ಕಣ

"ಕಾರ್ಡು ತಲುಪಿತಾ?" ಬಾಗಿಲು ತೆರೆದವಳೇ ಕೇಳಿದಳು ಹುಲ್ಲುಗಾವಲಿನ ಒಡತಿ, ಮುದುಕಿ ವರ್ಲೀನ್.

"ತಲುಪಿತು, ಅಮ್ಮ." ಓರಿನ್ ಟೊಪ್ಪಿಗೆ ತೆಗೆದು ತಲೆ ತಗ್ಗಿಸಿದ.

ನೆಬ್ರಾಸ್ಕಾದಿಂದ ಹೊರಟು ಮೂರು ದಿನವಾಗಿತ್ತು. ದಾರಿಯಲ್ಲಿ ಕೆಂಪು ಬಂಡೆಗಳಿದ್ದವು, ಕೊಕ್ಕರೆಗಳ ಹಿಂಡಿತ್ತು, ಮಂಜು ಕರಗುತ್ತಿದ್ದ ಬೆಟ್ಟಸಾಲಿತ್ತು. ಛಾಯಾಗ್ರಾಹಕನಾದರೂ ಒಂದರ ಚಿತ್ರವನ್ನೂ ಅವನು ತೆಗೆದಿರಲಿಲ್ಲ. ಸಂಜೆ ಎಲ್ಲೋ ಡೇರೆ ಹಾಕುವುದು, ಸ್ಟೌವಿನ ಮುಂದೆ ಕೂತು ಕ್ಷಮೆ ಕೇಳುವ ಮಾತನ್ನು ತಿದ್ದುವುದು. ಅಷ್ಟೇ.

ವಯೋಮಿಂಗ್‌ನ ಆ ಬಯಲಿನಲ್ಲಿ ಪ್ರತಿ ವಸಂತದ ಮುಂಜಾವು ಸೇಜ್ ಕೋಳಿ ಎಂಬ ಕಾಡುಹಕ್ಕಿಯ ಹುಂಜಗಳು ಒಂದು ಕಣದಲ್ಲಿ ಸೇರಿ, ಎದೆಯುಬ್ಬಿಸಿ, ಗುಳುಕ್ ಗುಳುಕ್ ಎನ್ನುತ್ತ ಹೇಂಟೆಗಳ ಮುಂದೆ ಕುಣಿಯುತ್ತವೆ. ವರ್ಲೀನಳ ಅಜ್ಜನ ಕಾಲದಿಂದಲೂ ಅವಳ ಹುಲ್ಲುಗಾವಲೇ ಆ ಕಣ. ನೋಡುವವರು ಬೆಳಕು ಹರಿಯುವ ಮೊದಲೇ ಬಂದು ವಾಹನ ನಿಲ್ಲಿಸಬೇಕು. ಕೊನೆಯ ಹಕ್ಕಿ ಹೋಗುವತನಕ ಇಳಿಯಕೂಡದು. ನಿಂತ ವಾಹನ ಹಕ್ಕಿಗಳ ಪಾಲಿಗೆ ಬರಿಯ ಬಂಡೆ. ಇಳಿದ ಮನುಷ್ಯ ತೋಳ.

ಕಳೆದ ವರ್ಷ ಓರಿನ್ ಇಳಿದಿದ್ದ. ನೆಲಮಟ್ಟದ ಒಂದೇ ಒಂದು ಚಿತ್ರಕ್ಕಾಗಿ ಹೊಟ್ಟೆಯ ಮೇಲೆ ತೆವಳಿದ್ದ. ನಲವತ್ತೊಂದು ಹುಂಜಗಳು ಒಮ್ಮೆಲೇ ಎದ್ದು ಹಾರಿದ್ದವು. ಚಿತ್ರಕ್ಕೆ ಬಹುಮಾನ ಬಂತು. ಈಚೆಗೆ, ಅನುಮತಿ ಕೇಳುವಾಗ ಅವನೇ ಬರೆದುಕೊಟ್ಟಿದ್ದ ವಿಳಾಸಕ್ಕೆ ವರ್ಲೀನಳ ಕಾರ್ಡು: "ಈ ವರ್ಷ ಹಕ್ಕಿಗಳು ಬರಲಿಲ್ಲ."

ಅವಳು ಕಾಫಿ ಬಗ್ಗಿಸಿದಳು. ಮೆತ್ತನೆಯ ಬನ್ನಿನಂಥ ಬಿಸಿ ಬಿಸ್ಕತ್ತಿನ ಮೇಲೆ ಗ್ರೇವಿ ಸುರಿದಳು. ಓರಿನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಬೇರೆ ಏನಾದ್ರೂ ಕಾರಣ ಇರಬಹುದಾ, ಅಮ್ಮ? ಹಿಮ ಜಾಸ್ತಿ ಬಿದ್ದು... ಹದ್ದುಗಳು..."

"ಹಿಮ ಎಪ್ಪತ್ತು ವರ್ಷದಿಂದ ನೋಡ್ತಿದೀನಿ. ಹದ್ದೂ ಅಷ್ಟೇ. ಹೊಸಬರು ಅಂದ್ರೆ ನೀವೊಬ್ರೇ."

ಅವನ ಕಿವಿ ಕೆಂಪಾಯಿತು. "ಬಹುಮಾನ ವಾಪಸ್ ಕೊಡ್ತೀನಿ. ಚಿತ್ರಾನೂ ತೆಗೆಸಿಹಾಕ್ತೀನಿ."

"ತೆಗೆಸಿ. ಈ ಜಾಗ ಎಲ್ಲಿದೆ ಅಂತ ಯಾರಿಗೂ ಹೇಳ್ಬೇಡಿ."

"ಕಣಕ್ಕೆ ಒಂದ್ಸಲ ಹೋಗಿ..."

"ನೋಡೋಕೇನಿದೆ ಅಲ್ಲಿ? ಹಸುವಿನ ಸಗಣಿ." ಅವಳು ತಟ್ಟೆ ಎತ್ತಿದಳು. "ಸೀದಾ ಹೆದ್ದಾರಿ ಹಿಡೀರಿ."

ಕ್ಷಮಿಸಿದೆ ಎನ್ನಲಿಲ್ಲ. ಅದು ನ್ಯಾಯವೇ ಅನ್ನಿಸಿತು ಓರಿನ್‌ಗೆ.

ಹೊರಗೆ ಆಗಷ್ಟೇ ಬಿಸಿಲು ಹತ್ತುತ್ತಿತ್ತು. ಗೇಟಿನ ಬಳಿ ಪಕ್ಕದ ಜಮೀನಿನ ಡೆಲ್ ತಂತಿ ಬೇಲಿ ಬಿಗಿಯುತ್ತಿದ್ದ. ಓರಿನ್ ವಾಹನ ನಿಲ್ಲಿಸುತ್ತಲೇ ಡೆಲ್ ಕಿಟಕಿಯತ್ತ ಬಗ್ಗಿ ಅವನ ಮುಖ ನೋಡಿದ.

"ಏನ್ರೀ, ಕೋಳಿ ಓಡಿಸಿದವರಾ?"

"ಹೌದು. ನಾನೇ."

"ಭಾನುವಾರ ಬಂದವನೂ 'ನಾನೇ' ಅಂದ. ಅದಕ್ಕೂ ಮುಂಚೆ ಬಂದ ಹೆಂಗಸು, ಪಾಪ, ಇಲ್ಲೇ ನಿಂತು ಅತ್ಲು." ಡೆಲ್ ಇಕ್ಕಳ ಝಳಪಿಸುತ್ತ ನಕ್ಕ. "ಇಳಿದವರ ಪೈಕಿ ಒಬ್ಬರನ್ನೂ ಬಿಡಲ್ಲ ನಮ್ಮ ವರ್ಲೀನ್. ಎಲ್ರಿಗೂ ಒಂದೇ ಕಾರ್ಡು!"

ಓರಿನ್ ಎಂಜಿನ್ ಆರಿಸಿದ. "ಹಾಗಾದ್ರೆ... ಹಕ್ಕಿಗಳು?"

ಡೆಲ್ ನಾಲಿಗೆ ಕಚ್ಚಿಕೊಂಡ. "ನಂಗೇನ್ರೀ ಗೊತ್ತು? ನಾನು ಬೇಲಿ ಕಟ್ಟೋನು."

ಗಾಳಿ ತಿರುಗಿತು. ದಿಬ್ಬದ ಆಚೆಯಿಂದ, ತುಂಬಿದ ಕೊಡ ಬಗ್ಗಿಸಿದಂಥ ಸದ್ದು: ಗುಳುಕ್, ಗುಳುಕ್. ಒಂದಲ್ಲ, ಹತ್ತಾರು. ಎದೆಯ ಮೇಲಿನ ಕಲ್ಲು ಜಾರಿಬಿತ್ತು. ಓರಿನ್‌ನ ಕಣ್ಣು ತುಂಬಿ ಬಂತು.

"ಇವೆ! ಇಲ್ಲೇ ಇವೆ!"

ಡೆಲ್ ನಗುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಓರಿನ್‌ನ ಕಣ್ಣನ್ನಲ್ಲ, ಕೆಳಗೆ. ಓರಿನ್ ಕೂಡ ಆ ಕಡೆ ನೋಡಿದ.

ಕೈಗೆ ಯಾವಾಗಲೋ ಕ್ಯಾಮೆರಾ ಬಂದಿತ್ತು, ಬಾಗಿಲು ತೆರೆದಿತ್ತು, ಒಂದು ಕಾಲು ಆಗಲೇ ನೆಲದ ಮೇಲಿತ್ತು.