ಬ್ರೇಕಿನ ಪಾಠ

ಪಾಲುದಾರ ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ ನಂಜುಂಡ ಗ್ಯಾರೇಜಿಗೆ ಸತ್ತವನ ಹೆಸರಿಟ್ಟು, ಅದನ್ನು ಪುಕ್ಕಟೆ ಕಲಿಕಾ ಕೇಂದ್ರ ಮಾಡಿದ. ಬ್ರೇಕ್ ಪೈಪು ಸವೆದು ಒಡೆದಿತ್ತೆಂದು ಪೊಲೀಸರಿಗೆ ಹೇಳಿದ್ದವನೂ ನಂಜುಂಡನೇ. ಊರೆಲ್ಲ ಅವನನ್ನು ಕೊಂಡಾಡಿತು. ಕಲಿಯಲು ಮೊದಲು ಬಂದವಳು ಸತ್ತವನ ತಾಯಿ.

“ನಂಗೆ ಬ್ರೇಕಿನ ಪಾಠ ಒಂದೇ ಸಾಕಪ್ಪ,” ಎಂದವಳು ಎಲ್ಲರೆದುರು ಚೀಲದಿಂದ ಗ್ರೀಸು ಮೆತ್ತಿದ ರಬ್ಬರ್ ಪೈಪಿನ ತುಂಡೊಂದನ್ನು ತೆಗೆದಳು. ಅದರ ಬಾಯಿ ನುಣ್ಣಗಿತ್ತು.

ನಂಜುಂಡ ಸ್ಪ್ಯಾನರ್ ಹಿಡಿದೇ ಹತ್ತಿರ ಬಂದು ನೋಡಿದ. ಸತ್ತ ಮಗನ ಕಾರಿನ ಪೈಪು ಇವಳ ಕೈಗೆ ಹೇಗೆ ಸಿಕ್ಕಿತು?

“ಇದು ಸವೆದಿದ್ದೋ, ಕುಯ್ದಿದ್ದೋ?”

“ಸವೆದಿದ್ದೇ ಅಮ್ಮ. ಸವೆದ್ರೆ ಹಿಂಗೇ ಆಗೋದು.”

“ಆಣೆ ಮಾಡ್ತೀಯಾ?”

“ಅನ್ನ ಕೊಡೋ ಈ ಸ್ಪ್ಯಾನರ್ ಮೇಲಾಣೆ.”

ಅವಳು ತುಂಡನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

“ಇದನ್ನ ಬೆಳಿಗ್ಗೆ ನಾನೇ ಈಳಿಗೆಮಣೆ ಮೇಲೆ ಕುಯ್ದೆ ಕಣಪ್ಪ.”