ಎರಡನೇ ಗೆರೆ

ಜೇನು ಸಾಕಿ ಮಾರುತ್ತಿದ್ದ ನಮ್ಮಪ್ಪ ಅದಕ್ಕೆ ಔಷಧ ಬೆರೆಸುತ್ತಿದ್ದ ಎಂದವರ ಜೊತೆ ನಾನು ಜೀವನಪೂರ್ತಿ ಜಗಳವಾಡಿದ್ದೇನೆ. ಇವತ್ತು ಮಾತ್ರ, ಬೆರೆಸಿರಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತ ಕೊಪ್ಪಳದ ಆಸ್ಪತ್ರೆಯ ಜೇನು ಕೌಂಟರಿನ ಮುಂದೆ ನಿಂತಿದ್ದೆ.

ಆಂಟಿಬಯಾಟಿಕ್ ತಯಾರಿಕೆಯೇ ನಿಂತುಹೋದ ಮೇಲೆ ಎಲ್ಲರೂ ಅಟ್ಟ ಹುಡುಕಿ ಹಳೇ ಜೇನು ತರುತ್ತಾರೆ. ಹುಳಕ್ಕೆ ರೋಗ ಬರದಿರಲೆಂದು ಹಿಂದೆ ಸಾಕುವವರು ಹಾಕಿದ್ದ ಆ ಔಷಧ ಅದರಲ್ಲಿ ಉಳಿದಿದ್ದರೆ ಸೋಸಿ ತೆಗೆದು ಆಸ್ಪತ್ರೆಯವರು ಇಂಜೆಕ್ಷನ್ ಮಾಡುತ್ತಾರೆ. ಒಳಗೆ ನನ್ನ ಬಾಣಂತಿ ಸೊಸೆಯ ಮೈ ಕೆಂಡದಂತೆ ಸುಡುತ್ತಿತ್ತು.

ಜೇನಿನ ಹನಿ ಬಿಟ್ಟ ಪರೀಕ್ಷೆಯ ಸ್ಟ್ರಿಪ್ ಮೇಲೆ ಒಂದೇ ಗೆರೆ ಮೂಡಿದರೆ ಔಷಧ ಇದೆ, ಎರಡು ಮೂಡಿದರೆ ಇಲ್ಲ. ನನ್ನ ಮುಂದಿದ್ದವನಿಗೆ ಎರಡು ಮೂಡಿತು.

"ಶುದ್ಧ ಐತ್ರಿ," ಎಂದಳು ಪರೀಕ್ಷೆ ಮಾಡುವ ಶಮೀಮ್. ಅವನು ಮುಖ ಸಣ್ಣದು ಮಾಡಿಕೊಂಡು ಹೋದ.

ಅಪ್ಪನ ಬಾಟಲಿ ಕೊಟ್ಟೆ. ಶಮೀಮ್ ಹನಿ ಬಿಟ್ಟಳು. ಮೊದಲ ಗೆರೆ ಮೂಡಿತು. ಸಾಲಿನವರೆಲ್ಲ ಬಗ್ಗಿ ನೋಡಿದರು.

"ಇನ್ನೊಂದು ಬರಬ್ಯಾಡ, ಬರಬ್ಯಾಡ," ಎಂದೆ.

ಬರಲೇ ಇಲ್ಲ!

"ಅವ್ವಾರ, ನಿಮ್ಮಪ್ಪ ಭಾಳ ಬೆರೆಸ್ಯಾರ ನೋಡ್ರಿ!" ಶಮೀಮ್ ಕುಣಿದಾಡಿದಳು. "ಸೊಸಿಗೆ ಸಾಕಾಗಿ ಉಳೀತೈತಿ!"

ನಾನು ಸಾಲಿನ ಕಡೆ ತಿರುಗಿ ಎದೆಯುಬ್ಬಿಸಿ ಕೂಗಿದೆ: "ಕೇಳ್ರಪ್ಪೋ, ನಮ್ಮಪ್ಪ ಖರೇನ ಮೋಸಗಾರ!"